ನೀವು ಕತ್ತೆ, ಮಾವ

ಜುಲೈ ತಿಂಗಳ ಒಂದು ಬುಧವಾರ. ಹಿಂದಿನ ರಾತ್ರಿಯೇ ಡಿಸಿ ರಜೆ ಕೊಟ್ಟಾಗಿತ್ತು. ಮಂಗಳೂರಿನ ಮಕ್ಕಳಿಗೆ ರೆಡ್ ಅಲರ್ಟ್ ಅಂದರೆ ಹಬ್ಬ ಅಲ್ವಾ. ಬೆಳಿಗ್ಗೆ ಹತ್ತಕ್ಕೇ ಕರೆಂಟು ಹೋಯಿತು. ಹನ್ನೊಂದಕ್ಕೆ ಇನ್ವರ್ಟರ್ ಕುಂಯ್ ಅಂದು ಮಲಗಿತು. ಬಿಜೈಯ ನಮ್ಮ ಮೂರನೇ ಮಾಳಿಗೆಯ ಮನೆಯಲ್ಲಿ ನಾನು, ಗಂಡ, ಒಂಬತ್ತು ವರ್ಷದ ಮಗಳು, ಎದುರು ಮನೆಯ ಹುಡುಗ, ನಾಲ್ಕು ಜನ ನೆಲದಲ್ಲಿ ಕೂತು ಕತ್ತೆ ಅನ್ನುವ ಇಸ್ಪೀಟು ಆಟ ಆಡುತ್ತಿದ್ದೆವು. ಮಧ್ಯದಲ್ಲಿ ಮೂರು ಹಲಸಿನ ಬೀಜ.

ಈ ಆಟಕ್ಕೆ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಹೆಸರು. ಕೆಲವರು ಬೀಜದ ಬದಲು ಚಮಚ ಇಡುತ್ತಾರೆ, ಕೆಲವರು ಏನೂ ಇಡದೆ ಕೈ ಮೇಲೆ ಕೈ ಬಡಿಯುತ್ತಾರೆ. ಒಟ್ಟು ಲೆಕ್ಕ ಒಂದೇ. ಎಷ್ಟು ಜನವೋ ಅಷ್ಟು ಜಾತಿಯ ಎಲೆ (ರಾಜ ಒಂದು ಜಾತಿ, ರಾಣಿ ಒಂದು ಜಾತಿ, ಹೀಗೆ), ಒಬ್ಬೊಬ್ಬರಿಗೆ ನಾಲ್ಕು. 'ಪಾಸ್' ಅಂದ ಕೂಡಲೇ ಎಲ್ಲರೂ ಒಂದು ಎಲೆ ಎಡಕ್ಕೆ ಸರಿಸಬೇಕು. ನಾಲ್ಕೂ ಒಂದೇ ಜಾತಿ ಆದವರು ಬೀಜ ಎತ್ತುತ್ತಾರೆ. ಅದನ್ನು ನೋಡಿ ಉಳಿದವರು ಮುಗಿಬೀಳುತ್ತಾರೆ. ಬೀಜ ಯಾವಾಗಲೂ ಜನರಿಗಿಂತ ಒಂದು ಕಡಿಮೆ. ಸಿಗದವನಿಗೆ ಕತ್ತೆಯ ಹೆಸರಿನ ಒಂದು ಅಕ್ಷರ, ಹೆಸರು ಪೂರ್ತಿಯಾದವನೇ ಕತ್ತೆ. ನಡುವೆ ಯಾರು ಬೇಕಾದರೂ ಸುಳ್ಳೇ ಕೈ ಚಾಚಬಹುದು. ಆ ಸುಳ್ಳು ನಂಬಿ ಬೀಜ ಮುಟ್ಟಿದವನಿಗೂ ಅಕ್ಷರ.

ನಾನು ಸುಳ್ಳೇ ಕೈ ಚಾಚಿದೆ. ಎದುರು ಮನೆಯ ಹುಡುಗ ಬಿದ್ದ. ಮೂರು ಸುತ್ತು ಬಿಟ್ಟು ಮತ್ತೆ ಚಾಚಿದೆ. ಮತ್ತೆ ಅವನೇ. ಮಗಳು ಮಾತ್ರ ಎರಡು ಸಲವೂ ಅಲ್ಲಾಡಲಿಲ್ಲ. ತನ್ನ ಎಲೆ ನೋಡುತ್ತಾ ಆರಾಮವಾಗಿ ಹೇಳಿದಳು: "ಅಮ್ಮ, ನೀನು ಸುಳ್ಳು ಹೇಳುವಾಗ ಕನ್ನಡಕ ಸರಿ ಮಾಡ್ತೀಯಲ್ಲಾ."

ಗಂಡ ನಕ್ಕ. "ಅದು ನನಗೂ ಗೊತ್ತುಂಟು" ಅಂದ.

"ನಿನ್ನೆ ಅಜ್ಜಿಗೆ ಫೋನಿನಲ್ಲಿ ಊಟ ಆಯ್ತು ಅಂದಿಯಲ್ಲಾ, ಆಗಲೂ ಮಾಡಿದ್ದಿ" ಎಂದಳು ಮಗಳು. ಆಮೇಲೆ, "ಪಾಸ್!"

ಆಟ ಮುಂದೆ ಹೋಯಿತು. ನನಗೆ ಮಾತ್ರ ಅಲ್ಲೇ ಸಿಕ್ಕಿಕೊಂಡ ಹಾಗಾಯಿತು. ಇವಳಿಗೆ ಇದು ಎಷ್ಟು ದಿನದಿಂದ ಗೊತ್ತು? ಇನ್ನೆಲ್ಲೆಲ್ಲಿ ನೋಡಿದ್ದಾಳೆ? ಆ ಇಡೀ ದಿನ ಕನ್ನಡಕಕ್ಕೆ ಕೈ ಹೋದಾಗಲೆಲ್ಲ ಅರ್ಧದಲ್ಲೇ ಇಳಿಸುತ್ತಿದ್ದೆ. ಮೂಗಿನ ತುದಿಗೆ ಜಾರಿದ ಕನ್ನಡಕದಲ್ಲೇ ಸಾರು ಕುದಿಸಿದೆ.

ಬೇಡದ ಇಪ್ಪತ್ತು ಎಲೆ

ನಾನು ಈ ಆಟ ಕಲಿತದ್ದು ಕಟಪಾಡಿಯ ಹತ್ತಿರದ ಅಜ್ಜಿ ಮನೆಯಲ್ಲಿ. ಚಾವಡಿಯಲ್ಲಿ ದೊಡ್ಡವರು ಇಪ್ಪತ್ತೆಂಟು ಆಡುತ್ತಿದ್ದರು. ಗುಲಾಮನಿಗೆ 3 ಅಂಕ, ಒಂಬತ್ತಕ್ಕೆ 2, ಎಕ್ಕಕ್ಕೆ 1, ಹತ್ತಕ್ಕೆ 1. ನಾಲ್ಕು ಬಣ್ಣ ಕೂಡಿಸಿದರೆ ಒಟ್ಟು 28. ಆ ಆಟಕ್ಕೆ ಏಳರಿಂದ ಮೇಲಿನ 32 ಎಲೆ ಸಾಕು. ಎರಡರಿಂದ ಆರರವರೆಗಿನ 20 ಎಲೆ ಅವರಿಗೆ ಕಸ. ಆ ಕಸವನ್ನು ನಮ್ಮ ಕಡೆ ಎಸೆದು, "ಗಲಾಟೆ ಮಾಡ್ಬೇಡಿ, ಇದರಲ್ಲಿ ಆಡಿ" ಅನ್ನುತ್ತಿದ್ದರು. ನಾವು ಐದು ಜನ ಮಕ್ಕಳು. ಐದು ಜಾತಿ, ನಾಲ್ಕು ನಾಲ್ಕು ಎಲೆ, ಸರಿಯಾಗಿ 20! ಈ ಲೆಕ್ಕ ಇಷ್ಟು ಚೆನ್ನಾಗಿ ಕೂತದ್ದು ಹೇಗೆ ಅಂತ ಈಗಲೂ ಆಶ್ಚರ್ಯ. ಸುಮಾರು ವರ್ಷ ನಾವು ರಾಜ ರಾಣಿಯರ ಮುಖವನ್ನೇ ನೋಡದ ಬಡ ಪ್ರಜೆಗಳಾಗಿಯೇ ಆಡಿದೆವು. ಆರು ಅಂದರೆ ನಮಗೆ ಚಕ್ರವರ್ತಿ.

ಅಜ್ಜಿಗೆ ಇಸ್ಪೀಟು ಅಂದರೆ ಆಗುತ್ತಿರಲಿಲ್ಲ. ತಪ್ಪೇನಿಲ್ಲ. ಊರಲ್ಲಿ ಇಸ್ಪೀಟಿನ ಹೆಸರು ಕೇಳಿಬರುತ್ತಿದ್ದದ್ದು ಕೋಳಿ ಅಂಕದ ಬದಿಯ ಗುಡ್ಡೆಯಲ್ಲಿ, ಇಲ್ಲವೇ ಪೇಪರಿನ ಒಳಪುಟದಲ್ಲಿ: ಅಂದರ್ ಬಾಹರ್, ಇಷ್ಟು ಮಂದಿ ಸೆರೆ, ನಗದು ವಶ. ನಮ್ಮ ಆಟಕ್ಕೆ ಒಪ್ಪಿಗೆ ಸಿಕ್ಕಿದ್ದು ಹಲಸಿನ ಬೀಜದಿಂದ. ಬೇಸಿಗೆಯಲ್ಲಿ ತಿಂದ ಹಣ್ಣಿನ ಬೀಜಕ್ಕೆ ಕೆಮ್ಮಣ್ಣು ಸವರಿ, ಒಣಗಿಸಿ, ಜುಲೈ ಆಗಸ್ಟಿನ ಜೋರು ಮಳೆಯ ಆಟಿ ತಿಂಗಳಿಗೆ ಅಂತ ಅಜ್ಜಿ ಅಟ್ಟದಲ್ಲಿ ಇಟ್ಟಿರುತ್ತಿದ್ದರು. ದುಡ್ಡಿಲ್ಲ, ಬೀಜ ತಾನೇ, ಆಡಿಕೊಳ್ಳಲಿ ಅಂತ ಬಿಟ್ಟರು. ಆಟ ಮುಗಿದ ಮೇಲೆ ಅದೇ ಬೀಜವನ್ನು ಬಚ್ಚಲ ಒಲೆಯ ಕೆಂಡದಲ್ಲಿ ಸುಟ್ಟು ತಿನ್ನುವುದು. ಸೋತವನು ಸಿಪ್ಪೆ ಸುಲಿದು ಕೊಡಬೇಕು.

ಆ ಕೆಮ್ಮಣ್ಣು ಇನ್ನೊಂದು ಉಪಕಾರ ಮಾಡುತ್ತಿತ್ತು. ಸುಳ್ಳಿಗೆ ಬಿದ್ದು ಬೀಜ ಮುಟ್ಟಿದವರು ಯಾರೂ ಒಪ್ಪಿಕೊಳ್ಳುವುದಿಲ್ಲ ನೋಡಿ. "ಮುಟ್ಟಲೇ ಇಲ್ಲ, ಹತ್ತಿರ ಹೋಯಿತು ಅಷ್ಟೇ" ಅನ್ನುತ್ತಾರೆ. ಆಗ ನಾವು "ಬೆರಳು ತೋರಿಸು" ಅನ್ನುತ್ತಿದ್ದೆವು. ಒದ್ದೆ ಕೈಯ ತುದಿಯಲ್ಲಿ ಕೆಂಪು ಇದ್ದರೆ ಮುಗಿಯಿತು. ಮಳೆಗಾಲದಲ್ಲಿ ಯಾರ ಕೈ ಒದ್ದೆ ಇರುವುದಿಲ್ಲ ಹೇಳಿ. ಚಡ್ಡಿಗೆ ಉಜ್ಜಿ ಸಾಕ್ಷಿ ನಾಶ ಮಾಡುವ ತಮ್ಮನೊಬ್ಬ ಇದ್ದ. ಅವನ ಚಡ್ಡಿಯೇ ಸಾಕ್ಷಿ ಹೇಳುತ್ತಿತ್ತು.

ಅಕ್ಷರದ ಒಂದು ತಕರಾರೂ ಇತ್ತು. ಇಂಗ್ಲಿಷಿನಲ್ಲಿ ಆಡುವವರಿಗೆ 'ಡಾಂಕಿ'ಯಲ್ಲಿ ಆರು ಅಕ್ಷರ ಸಿಗುತ್ತದೆ. ಕನ್ನಡದ ಕತ್ತೆಗೆ ಎರಡೇ. ಎರಡು ಸೋಲಿಗೆ ಆಟ ಮುಗಿದರೆ ಮಜಾ ಎಲ್ಲಿ? ಅದಕ್ಕೆ ದೊಡ್ಡಮ್ಮ ದಾರಿ ಹುಡುಕಿದರು. ನಾವು ಮೂವರು 'ಉಡುಪಿಯ ಕತ್ತೆ', ಶನಿವಾರ ಬರುವ ಇಬ್ಬರು 'ಮಂಗಳೂರ ಕತ್ತೆ'. ಎಣಿಸಿ ನೋಡಿ, ಎರಡಕ್ಕೂ ಆರಾರೇ. ಬೊಂಬಾಯಿಯಿಂದ ಸಣ್ಣ ಮಾವ ಬಂದಾಗ ಮತ್ತೆ ಗಲಾಟೆ. 'ಬೊಂಬಾಯಿ ಕತ್ತೆ' ಅಂದರೆ ಐದೇ. "ನನಗೆ ಮಾತ್ರ ಒಂದು ಜೀವ ಕಡಿಮೆ, ಇದು ಅನ್ಯಾಯ" ಅಂತ ಮಾವ ಹಟ ಹಿಡಿದರು. ಕೊನೆಗೆ 'ಬೊಂಬಾಯಿಯ ಕತ್ತೆ' ಎಂದು ತೀರ್ಮಾನ. ಷಷ್ಠಿ ವಿಭಕ್ತಿಯಿಂದ ಜೀವ ಉಳಿಸಿಕೊಂಡವರು ಅವರೊಬ್ಬರೇ ಇರಬೇಕು.

ಕೈ ಬೇಗ, ಮುಖ ಇನ್ನೂ ಬೇಗ

ಇದು ವೇಗದ ಆಟ ಅಂತ ಎಲ್ಲರೂ ಹೇಳುತ್ತಾರೆ. ಹಾಗಿದ್ದರೆ ನಮ್ಮ ಮನೆಯಲ್ಲಿ ದೊಡ್ಡಮ್ಮ ಒಂದು ಸಲವೂ ಸೋಲಬಾರದಿತ್ತು.

ದೊಡ್ಡಮ್ಮ ಮಲ್ಲಿಗೆ ಕಟ್ಟುವವರು. ಮಲ್ಲಿಗೆಗೆ ಹೆಸರಾದ ಶಂಕರಪುರ ಪಕ್ಕದಲ್ಲೇ ತಾನೇ. ನಮ್ಮಲ್ಲೂ ಹಿತ್ತಿಲಲ್ಲಿ ಐವತ್ತರವತ್ತು ಗಿಡ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆ ಮುಗಿಯುವಾಗ 3,200 ಮೊಗ್ಗು ಬೆರಳಿನ ನಡುವೆ ದಾಟಿ ಹೋಗಿರುತ್ತದೆ. ಎಡಗೈಯಲ್ಲಿ ಬಾಳೆನಾರು, ಬಲಗೈಯಲ್ಲಿ ಮೊಗ್ಗು, ಒಂದು ಸುತ್ತು, ಒಂದು ಗಂಟು, ಮುಂದಿನದು. ನೋಡುತ್ತಾ ಕೂತರೆ ಗಂಟು ಬೀಳುವುದು ಕಾಣುವುದೇ ಇಲ್ಲ, ಮಾಲೆ ಉದ್ದವಾಗುವುದು ಮಾತ್ರ ಕಾಣುತ್ತದೆ. ಮಳೆಗಾಲದಲ್ಲಿ ಹೂವು ಕಡಿಮೆ. ಹಾಗಾಗಿ ಆಟಿಯಲ್ಲಿ ಆ ಬೆರಳುಗಳು ನಮ್ಮ ಆಟಕ್ಕೆ ಬಿಡುವಾಗಿರುತ್ತಿದ್ದವು. ಎಲೆ ಸರಿಸುವುದರಲ್ಲಿ ಅವರ ಹತ್ತಿರ ಯಾರೂ ಬರಲಾರರು.

ಆದರೂ ಮೊದಲು ಕತ್ತೆ ಆಗುತ್ತಿದ್ದದ್ದು ದೊಡ್ಡಮ್ಮನೇ. ಮೂರು ಎಲೆ ಜೊತೆಯಾದ ಕೂಡಲೇ ಅವರ ಬಾಯಿಯ ಬಲಮೂಲೆಯಲ್ಲಿ ಒಂದು ನಗು ಬಂದು ಕೂರುತ್ತಿತ್ತು. ತುಟಿ ಬಿಗಿ ಹಿಡಿದರೆ ಕಣ್ಣಲ್ಲಿ ಬರುತ್ತಿತ್ತು. ಸೆರಗು ಅಡ್ಡ ಹಿಡಿದರೆ ಭುಜ ಕುಲುಕುತ್ತಿತ್ತು. ಅವರ ಬಲಕ್ಕೆ ಕೂತವರಿಗೆ ಅಷ್ಟು ಸಾಕು. ಅವರಿಗೆ ಬೇಕಾದ ಎಲೆಯನ್ನು ಬಿಗಿ ಹಿಡಿದು, ಬೇರೆಯದನ್ನೇ ದಾಟಿಸುತ್ತಿದ್ದರು. ಸುಳ್ಳೇ ಕೈ ಚಾಚುವುದಂತೂ ಅವರಿಗೆ ಬರುತ್ತಲೇ ಇರಲಿಲ್ಲ. ಚಾಚುವ ಮೊದಲೇ ನಕ್ಕು, "ಇಲ್ಲ ಮಕ್ಕಳೇ, ಸುಮ್ನೆ" ಅಂತ ತಾವೇ ಹೇಳಿಬಿಡುತ್ತಿದ್ದರು. ಕೈ ಬೇಗ, ಮುಖ ಅದಕ್ಕಿಂತ ಬೇಗ.

ಮಾವ ಇದಕ್ಕೆ ತದ್ವಿರುದ್ಧ. ಮಾತುಂಗದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತು ಕೂತು ಮೈ ಬೆಳೆದಿತ್ತು. ನೆಲದಲ್ಲಿ ಕೂತರೆ ಏಳಲು ಒಬ್ಬರು ಕೈ ಕೊಡಬೇಕು. ಬೀಜದ ಕಡೆ ಬಗ್ಗುವಾಗ ಉಸ್ಸ್ ಅನ್ನುತ್ತಿದ್ದರು. ಆದರೂ ಅವರು ಸೋಲುವುದು ಅಪರೂಪ, ಏಕೆಂದರೆ ಅವರು ತಮ್ಮ ಎಲೆ ನೋಡುತ್ತಲೇ ಇರಲಿಲ್ಲ. ನಮ್ಮ ಮುಖ ನೋಡುತ್ತಿದ್ದರು. ಗಲ್ಲಾದಲ್ಲಿ ಕೂತವನಿಗೆ ಯಾರು ಬಿಲ್ಲು ಕೊಡುವವ, ಯಾರು ಕೈತೊಳೆಯುವ ನೆಪದಲ್ಲಿ ಜಾರುವವ ಅಂತ ನಡಿಗೆಯಲ್ಲೇ ಗೊತ್ತಾಗುತ್ತದಂತೆ. ನಾಲ್ಕು ಎಲೆ ನಿಜವಾಗಿಯೂ ಸೇರಿದಾಗ ಅವರದ್ದು ಸದ್ದೇ ಇಲ್ಲ. ಕಿರುಬೆರಳಲ್ಲಿ ಬೀಜವನ್ನು ಮೆಲ್ಲ ಎಳೆದು ತೊಡೆಯ ಕೆಳಗೆ ಸೇರಿಸಿ, ಮತ್ತೂ ನಾಲ್ಕು ಸುತ್ತು ಎಲೆ ದಾಟಿಸುತ್ತಾ ಕೂರುವರು. ಬೀಜ ಒಂದು ಕಡಿಮೆ ಇದೆ ಅಂತ ನಮಗೆ ಗೊತ್ತಾಗುವಾಗ ಕೂಗು, ನೂಕಾಟ, ಯಾರದೋ ಉಗುರು ಯಾರದೋ ಕೈಗೆ.

ಸುಳ್ಳೇ ಚಾಚುವಾಗ ಮಾತ್ರ ಅವರು ಮಾತಾಡುತ್ತಿದ್ದರು. ಅಂಗಳದ ಕಡೆ ಕತ್ತು ತಿರುಗಿಸಿ, "ಮಳೆ ಬಿಟ್ಟಿತಾ?" ಅಂತ ಕೇಳುವುದು, ಅದೇ ಹೊತ್ತಿಗೆ ಕೈ ಬೀಜದ ಕಡೆ ಹಾರುವುದು. ಬೀಜಕ್ಕೆ ಒಂದು ಗೇಣು ಇರುವಾಗ ಆ ಕೈ ನಿಲ್ಲುತ್ತಿತ್ತು. ನಮ್ಮದು ನಿಲ್ಲುತ್ತಿರಲಿಲ್ಲ. ಓಟದ ಪಂದ್ಯದಲ್ಲಿ ಗುಂಡಿನ ಸದ್ದಾಗಿ 0.1 ಸೆಕೆಂಡಿನೊಳಗೆ ಹೊರಟರೂ ತಪ್ಪು ಅಂತ ನಿಯಮ ಉಂಟಲ್ಲ. ಅಷ್ಟು ಬೇಗ ಯಾರೂ ಕೇಳಿ ಓಡಲಾರರು, ಊಹಿಸಿಯೇ ಓಡಿದ್ದು ಅಂತ ಲೆಕ್ಕ. 2011ರಲ್ಲಿ ದಕ್ಷಿಣ ಕೊರಿಯಾದ ದೇಗುವಿನಲ್ಲಿ ಉಸೇನ್ ಬೋಲ್ಟ್‌ನಂಥವನೇ ಮೊದಲೇ ಹೊರಟು 100 ಮೀಟರ್ ಫೈನಲಿನಿಂದ ಹೊರಗೆ ಬಿದ್ದ. ಅಂಗಿ ಕಳಚಿ ನಡೆದುಹೋದ ಅವನನ್ನು ಟಿವಿಯಲ್ಲಿ ನೋಡುವಾಗ ನನಗೆ ನೆನಪಾದದ್ದು ನಮ್ಮ ಮಾವ.

ಮಾವ ಸೋತ ದಿನ ನಮಗೆ ಹಬ್ಬ. ಆದರೆ ಮರ್ಯಾದೆಯ ಪ್ರಶ್ನೆ. ಮಾವನಿಗೆ ಏಕವಚನ ಹಾಕುವ ಮನೆ ನಮ್ಮದಲ್ಲ. ಹಾಗಾಗಿ ಐದೂ ಮಕ್ಕಳು ಸಾಲಾಗಿ ನಿಂತು, ಶಾಲೆಯಲ್ಲಿ ನಮಸ್ತೇ ಹೇಳುವ ರಾಗದಲ್ಲಿ, "ನೀವು ಕತ್ತೆ, ಮಾವ" ಅನ್ನುತ್ತಿದ್ದೆವು. ಒಳಗಿನಿಂದ ಅಜ್ಜಿ, "ಎಂತ ಮಾತದು!" ಅನ್ನುವರು. ಮಾವ ಎದೆ ಮೇಲೆ ಕೈ ಇಟ್ಟು, "ಬಹುವಚನ ಉಂಟಲ್ಲ ಅಮ್ಮ, ಸಾಕು" ಅನ್ನುವರು.

ಚೆನ್ನೆಮಣೆ

ಆಟಿಯಲ್ಲಿ ಆಡಬೇಕಾದ ಆಟ ಇಸ್ಪೀಟಲ್ಲ, ಚೆನ್ನೆಮಣೆ ಅಂತ ಅಜ್ಜಿ ಯಾವಾಗಲೂ ಹೇಳುತ್ತಿದ್ದರು. 14 ಗುಳಿ, ಗುಳಿಗೆ ನಾಲ್ಕು, ಒಟ್ಟು 56 ಕಾಯಿ. ಅದರಲ್ಲಿ ಮೋಸಕ್ಕೆ ಜಾಗ ಇಲ್ಲ. ಎಲ್ಲ ಕಾಯಿ ಇಬ್ಬರ ಕಣ್ಣೆದುರಿಗೇ ಇರುತ್ತದೆ. ಎಣಿಸಲು ಬಂದವನು ಗೆಲ್ಲುತ್ತಾನೆ. ಶುದ್ಧ ಆಟ, ಒಪ್ಪಿಕೊಳ್ಳುತ್ತೇನೆ.

ಆದರೆ ತುಳುವಿನ ಜನಪದ ಹಾಡುಗತೆಯಾದ ಸಿರಿ ಪಾಡ್ದನದ ಅಬ್ಬಗ ದಾರಗ ಅವಳಿಗಳು ಆಡಿದ್ದೂ ಚೆನ್ನೆಯನ್ನೇ. ಆಟದಲ್ಲಿ ಜಗಳವಾಗಿ, ಒಬ್ಬಳು ಮಣೆ ಎತ್ತಿ ಇನ್ನೊಬ್ಬಳಿಗೆ ಹೊಡೆದಳು. ಅಕ್ಕ ತಂಗಿ ಎದುರು ಬದುರು ಕೂತು ಚೆನ್ನೆ ಆಡಬಾರದು ಅಂತ ನಮ್ಮ ಕಡೆ ಈಗಲೂ ಹೇಳುವುದು ಅದಕ್ಕೇ. ಇದನ್ನು ಯೋಚಿಸಿದರೆ ನನಗೆ ವಿಚಿತ್ರ ಅನಿಸುತ್ತದೆ. ಮುಚ್ಚುಮರೆ ಇಲ್ಲದ ಆಟದಲ್ಲಿ ಜೀವ ಹೋಯಿತು. ನಮ್ಮ ಕಳ್ಳ ಆಟದಲ್ಲಿ ಉಗುರು ತಾಗಿದ್ದು ಬಿಟ್ಟರೆ ಏನೂ ಆಗಲಿಲ್ಲ. ಚೆನ್ನೆಯಲ್ಲಿ ಸೋತರೆ ನಿನಗೆ ಲೆಕ್ಕ ಬರುವುದಿಲ್ಲ ಅಂತ ಅರ್ಥ. ಅದು ಚುಚ್ಚುತ್ತದೆ. ಕತ್ತೆಯಲ್ಲಿ ಸೋತರೆ, ಎದುರಿನವನ ಮುಖವನ್ನು ನಂಬಿದೆ ಅಂತ ಅರ್ಥ, ಅಷ್ಟೇ. ಅದಕ್ಕೆ ಯಾರಾದರೂ ಮಣೆ ಎತ್ತುತ್ತಾರಾ?

ಫೆಬ್ರವರಿಯ ಮಳೆ

ಮಾವನ "ಮಳೆ ಬಿಟ್ಟಿತಾ?" ಸುಳಿವನ್ನು ನಾನು ಹಿಡಿದದ್ದು ಹತ್ತನೇ ವಯಸ್ಸಿನಲ್ಲಿ. ಯಾರಿಗೂ ಹೇಳಲಿಲ್ಲ. ಹೇಳಿದರೆ ಮಾವ ಬದಲಾಯಿಸಿಬಿಡುತ್ತಾರೆ, ನನ್ನ ಬಂಡವಾಳ ಹೋಗುತ್ತದೆ. ವರ್ಷ ವರ್ಷ ಆಟಿಯಲ್ಲಿ ಅವರು ಬರುವರು, ನಾಗರಪಂಚಮಿ ಮುಗಿಸಿ ಹೊರಡುವರು. ಮೊದಲು ಬಸ್ಸು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಮತ್ಸ್ಯಗಂಧ. ಮಳೆಗಾಲದಲ್ಲಿ ಅದು ಇನ್ನೂ ನಿಧಾನ. ಇಂದ್ರಾಳಿ ಸ್ಟೇಷನ್ನಿನಲ್ಲಿ ಇಳಿದು ಮನೆ ಮುಟ್ಟಿದ ದಿನವೇ ಹೊಸ ಇಸ್ಪೀಟು ಕಟ್ಟು ಬಿಚ್ಚುವರು. ಆ ಪ್ಲಾಸ್ಟಿಕ್ ಎಲೆಗಳ ವಾಸನೆ ನನಗೆ ಬೊಂಬಾಯಿಯ ವಾಸನೆ. ಮಾವ, ದೊಡ್ಡಮ್ಮ, ನಾವೈವರು ಕೂತರೆ ಏಳು ಜನ, 28 ಎಲೆ. ಆಗ ನಮಗೂ ರಾಜ ರಾಣಿ.

2003ರ ಫೆಬ್ರವರಿ. ನಾನು ಪಿಯುಸಿ, ಅಜ್ಜಿ ಮನೆಯಿಂದಲೇ ಕಾಲೇಜಿಗೆ ಹೋಗುತ್ತಿದ್ದೆ. ಭಾನುವಾರ ರಾತ್ರಿ ಮಾವನ ಫೋನು ಬರುವುದು ರೂಢಿ. ಆ ದಿನ ನಾನೇ ಎತ್ತಿದೆ. ಓದು ಹೇಗುಂಟು, ಅಜ್ಜಿಯ ಕಾಲುನೋವು ಹೇಗುಂಟು ಅಂತೆಲ್ಲ ಆಯಿತು. "ನಿಮ್ಮ ಹೋಟೆಲ್ ಹೇಗೆ ಮಾವ?" ಅಂತ ಸುಮ್ನೆ ಕೇಳಿದೆ. "ಜೋರುಂಟು, ಪುರುಸೊತ್ತೇ ಇಲ್ಲ" ಅಂದರು. ಅರೆಕ್ಷಣ ಬಿಟ್ಟು, "ಅಲ್ಲಿ ಮಳೆ ಬಿಟ್ಟಿತಾ?" ಅಂತ ಕೇಳಿದರು.

ಹೊರಗೆ ಅಂಗಳದಲ್ಲಿ ಒಣಗಿದ ಅಡಿಕೆ ರಾಶಿ ಬಿದ್ದಿತ್ತು. ಎರಡು ತಿಂಗಳಿನಿಂದ ಒಂದು ಹನಿ ಬಿದ್ದಿರಲಿಲ್ಲ.

ನಾನು ರಿಸೀವರ್ ಹಿಡಿದು ನಿಂತೆ. "ಹೂಂ, ಬಿಟ್ಟಿದೆ ಮಾವ" ಅಂದೆ. ಅಜ್ಜಿಗೆ ಫೋನು ಕೊಟ್ಟೆ. ಅಜ್ಜಿ ನಗುತ್ತಾ ಮಾತಾಡಿದರು. ನಾನು ಹೋಗಿ ಅಡಿಕೆ ರಾಶಿಗೆ ಗೋಣಿ ಹೊದೆಸಿದೆ, ಯಾಕೆಂದು ಗೊತ್ತಿಲ್ಲ.

ಹೋಟೆಲು ಹಿಂದಿನ ದೀಪಾವಳಿಗೇ ಮುಚ್ಚಿತ್ತು ಅಂತ ನಮಗೆ ಗೊತ್ತಾದದ್ದು ಏಪ್ರಿಲಿನಲ್ಲಿ, ಮಾವ ಟ್ರಂಕು ಸಮೇತ ಬಂದು ಇಳಿದಾಗ. ಅಷ್ಟು ತಿಂಗಳು ಬೇರೆಯವರ ಕೋಣೆಯ ಮೂಲೆಯಲ್ಲಿ ಮಲಗಿ, ಸಿಕ್ಕಿದ ಕೆಲಸ ಮಾಡುತ್ತಿದ್ದರಂತೆ. ಅಜ್ಜಿ ಅತ್ತರು. "ಮೊದಲೇ ಹೇಳಿದ್ದರೆ ಟಿಕೆಟಿಗೆ ದುಡ್ಡು ಕಳಿಸುತ್ತಿದ್ದೆವಲ್ಲಾ" ಅಂತ ಪದೇ ಪದೇ ಹೇಳಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಆ ಎರಡು ತಿಂಗಳು ಮನೆಯಲ್ಲಿ ವಿಷಯ ಗೊತ್ತಿದ್ದವಳು ನಾನೊಬ್ಬಳು. ಗೊತ್ತಿತ್ತು ಅಂದರೂ ತಪ್ಪೇ. ಅನುಮಾನ ಇತ್ತು. ಆಟದಲ್ಲಿ ಅನುಮಾನದ ಮೇಲೆ ಬೀಜ ಮುಟ್ಟಿದರೆ ಅಕ್ಷರ ಬೀಳುತ್ತದೆ. ಮುಟ್ಟದೆ ಕೂತು, ಅದು ನಿಜವಾಗಿದ್ದರೆ, ಆಗಲೂ ಅಕ್ಷರ ಬೀಳುತ್ತದೆ. ಆಟದಲ್ಲಾದರೆ ಯಾವುದಕ್ಕೆ ಬಿತ್ತು ಅಂತ ಕೂಡಲೇ ಗೊತ್ತಾಗುತ್ತದೆ.

ಮಾವ ಈಗ ಊರಲ್ಲೇ ಇದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಕಳೆದ ವರ್ಷ ಒಮ್ಮೆ ಧೈರ್ಯ ಮಾಡಿ ಕೇಳಿದೆ, "ಆವತ್ತು ಫೋನಿನಲ್ಲಿ ಫೆಬ್ರವರಿಯಲ್ಲಿ ಮಳೆ ಬಿಟ್ಟಿತಾ ಅಂತ ಕೇಳಿದ್ದಿರಿ, ನೆನಪುಂಟಾ?" ಅಂತ. "ಫೆಬ್ರವರಿಯಲ್ಲಿ ಮಳೆ ಕೇಳಲಿಕ್ಕೆ ನನಗೇನು ಮರುಳಾ ಮಾರಾಯ್ತಿ?" ಅಂದರು. ಆಮೇಲೆ ಕಿಟಕಿಯ ಕಡೆ ಕತ್ತು ತಿರುಗಿಸಿ, "ಇವತ್ತು ಬರುವ ಹಾಗುಂಟಾ?" ಅಂದರು.

ಕಂದು ಬೆಕ್ಕು

ಆ ಬುಧವಾರ ರಾತ್ರಿ ಕರೆಂಟು ಬಂದ ಮೇಲೆ, ಮಗಳಿಗೆ ಹೊದಿಕೆ ಹೊದೆಸುವಾಗ ಕೇಳಿಯೇಬಿಟ್ಟೆ. ಕನ್ನಡಕದ ವಿಷಯ ಯಾವಾಗಿನಿಂದ ಗೊತ್ತು?

"ಬೆಕ್ಕು ಕಟಪಾಡಿಗೆ ಹೋಯ್ತು ಅಂದೆಯಲ್ಲ, ಆವಾಗಿಂದ" ಅಂದಳು.

ನಮ್ಮಲ್ಲೊಂದು ಕಂದು ಬೆಕ್ಕಿತ್ತು. ಎರಡು ವರ್ಷದ ಹಿಂದೆ ಬೆಳಗಿನ ಹೊತ್ತು ಕೆಳಗಿನ ರಸ್ತೆಯಲ್ಲಿ ಯಾವುದೋ ಗಾಡಿಗೆ ಸಿಕ್ಕಿತು. ಇವಳು ಏಳುವ ಮೊದಲೇ ಗಂಡ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದ. ಊರಿಗೆ ಕಳಿಸಿದ್ದೇವೆ, ಅಲ್ಲಿ ಇಲಿ ಜಾಸ್ತಿ, ಮಾವನಿಗೆ ಬೇಕಿತ್ತಂತೆ ಅಂತ ಹೇಳಿದ್ದೆ. ಅವಳು ಹೂಂ ಅಂದಿದ್ದಳು. ಆಮೇಲೆ ಎಷ್ಟೋ ಸಲ ಕಟಪಾಡಿಗೆ ಹೋಗಿದ್ದೇವೆ. ಬೆಕ್ಕು ಎಲ್ಲಿ ಅಂತ ಅವಳು ಒಮ್ಮೆಯೂ ಕೇಳಿರಲಿಲ್ಲ. ಮಕ್ಕಳು ಬೇಗ ಮರೆಯುತ್ತಾರೆ ಅಂತ ನಾವಿಬ್ಬರೂ ಸಮಾಧಾನ ಪಟ್ಟುಕೊಂಡಿದ್ದೆವು.

"ಮತ್ತೆ ಯಾಕೆ ಕೇಳಲಿಲ್ಲ?" ಅಂದೆ.

ಅವಳು ಗೋಡೆ ಕಡೆ ತಿರುಗಿದಳು. "ನೀನು ಪಾಪ ಅಷ್ಟು ಚೆನ್ನಾಗಿ ಹೇಳ್ತಾ ಇದ್ದಿ" ಅಂದಳು.

ಮರುದಿನವೂ ರಜೆ. ಎದುರು ಮನೆಯ ಹುಡುಗ ಒಂಬತ್ತಕ್ಕೇ ಬಂದು ಕೂತಿದ್ದ. ನನಗೆ 'ಮಂಗಳೂರ ಕ' ತನಕ ಆಗಿತ್ತು, ಒಂದು ಅಕ್ಷರ ಬಾಕಿ. ನಾಲ್ಕನೇ ಸುತ್ತಿಗೆ ಕೈಯಲ್ಲಿ ಮೂರು ರಾಜರು. ಐದನೆಯದಕ್ಕೆ ಗಂಡ ನಾಲ್ಕನೆಯವನನ್ನೂ ಕಳಿಸಿದ. ಎತ್ತಿದರೆ ಮುಗಿಯುತ್ತಿತ್ತು. ಆದರೆ ನನಗೊಂದು ಬುದ್ಧಿ ಹೊಳೆಯಿತು. ಬೇಕಂತಲೇ ಕನ್ನಡಕ ಸರಿ ಮಾಡಿದೆ. ಇವಳು ಇದು ಸುಳ್ಳು ಅಂದುಕೊಂಡು ಸುಮ್ಮನೆ ಕೂರಲಿ, ಗಂಡನೂ ಕೂರಲಿ, ನಾನು ಆರಾಮವಾಗಿ, ಮಾವನ ಹಾಗೆ ಕಿರುಬೆರಳಲ್ಲಿ ಎಳೆದುಕೊಳ್ಳೋಣ ಅಂತ. ಕನ್ನಡಕದಿಂದ ಕೈ ಇಳಿಸುವುದರೊಳಗೆ ಮಗಳು ಒಂದು ಬೀಜ ಎತ್ತಿದ್ದಳು. ಅದನ್ನು ನೋಡಿ ಉಳಿದಿಬ್ಬರು ಹಾರಿದರು. ನನ್ನ ಕೈಯಲ್ಲಿ ನಾಲ್ಕು ರಾಜರು, ಎದುರಿಗೆ ಖಾಲಿ ನೆಲ.

"ಸುಳ್ಳು ಹೇಳುವಾಗ ನೀನು ಒಂದು ಬೆರಳಲ್ಲಿ ಸರಿ ಮಾಡುದು" ಅಂದಳು, ಕ್ಯಾಲೆಂಡರಿನ ಹಿಂಬದಿಯಲ್ಲಿ 'ತ್ತೆ' ಬರೆಯುತ್ತಾ. "ಈಗ ಎರಡು ಬೆರಳು ಹಾಕಿದ್ದಿ."